ಮಂಜುಗಡ್ಡೆಯ ಮೇಲೆ ಉಕ್ಕಿನ ಅಲಗು

ಗಡಿನಾಡಿನ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಮಂಜುಗಡ್ಡೆಯ ಮಾತನ್ನೆತ್ತುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಪಾರ್ತಿಸುಬ್ಬನ ಕುರಿತು, ಗೋವಿಂದ ಪೈಗಳ ಕುರಿತು ಅಧಿಕಾರದಿಂದ ಬರೆಯಬಲ್ಲವರು ನಮ್ಮ ಸಂಘದಲ್ಲಿ ಅನೇಕರಿದ್ದಾರೆ. ಅವರು ಬರೆಯುತ್ತಾರೆ, ನಾವು ಓದಿ ಸಂತೋಷಪಡುತ್ತೇವೆ. ಕಾಸರಗೋಡಿನ ಕಡಲ ಕರೆಯ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷ ವಿಜ್ಞಾನದ ಪಾಠ ಹೇಳಿದ ನಮಗೆ ಸಂಪಾದಕರು, ನಿಮ್ಮ ವಿಷಯದಲ್ಲಿಯೇ ಏನಾದರೊಂದನ್ನು ಬರೆಯಿರಿ ಎಂದು ಅಪ್ಪಣೆ ಮಾಡಿದ್ದಾರೆ. ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡ ಮನುಷ್ಯನು ಹೆಪ್ಪುಗಟ್ಟಿದ ನೀರಿನ ಮೇಲೆ ಅಷ್ಟು ಸಲೀಸಾಗಿ ಸಾಗುವುದು ಹೇಗೆ ಎಂಬ ಪ್ರಶ್ನೆಯನ್ನು ನಾವು ಆರಿಸಿಕೊಂಡುದಕ್ಕೆ ಕಾರಣವಿದೆ. ನೂರೆಪ್ಪತ್ತು ವರ್ಷಗಳಿಂದ ದೊಡ್ಡ ದೊಡ್ಡ ತಲೆಗಳು ಇದರ ಬೆನ್ನು ಹತ್ತಿವೆ. ನಮ್ಮ ಶಾಲೆಯ ಎಂಟನೆಯ ತರಗತಿಯ ಒಂದು ಬೆಂಚಿನಲ್ಲಿಯೂ ಇದು ಒಮ್ಮೆ ಬಂದು ಕುಳಿತಿತ್ತು.

ನಮ್ಮಲ್ಲಿ ಕೆರೆಗಳು ಹೆಪ್ಪುಗಟ್ಟುವುದಿಲ್ಲ. ನಮ್ಮ ಮಕ್ಕಳು ಕಂಡ ಮಂಜುಗಡ್ಡೆಯೆಂದರೆ ಬೂತಾಯಿ, ಬಂಗುಡೆಗಳ ಪೆಟ್ಟಿಗೆಗೆ ತುಂಬುವ ಐಸು. ಐಸ್ ಕಾರ್ಖಾನೆಯಿಂದ ಹೊರಬರುವ ದಿಮ್ಮಿಗೆ ಆಳು ಕಬ್ಬಿಣದ ಕೊಕ್ಕೆ ಹಾಕಿ ಎಳೆಯುತ್ತಾನೆ. ಹೊರಲು ಹೊರಟರೆ ಇಬ್ಬರಿಗೂ ಕಷ್ಟವಾಗುವ ಭಾರ ಒಬ್ಬನ ಹಿಂದೆ ಸಾಧುವಾದ ಕರುವಿನಂತೆ ಬರುತ್ತದೆ. ಇದರಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ನಮ್ಮ ಸೆಕೆಯಲ್ಲಿ ಆ ದಿಮ್ಮಿ ಹೊರಬಂದ ಕ್ಷಣದಿಂದಲೇ ಕರಗುತ್ತಿರುತ್ತದೆ, ತನ್ನ ನೀರಿನ ಮೇಲೆ ತಾನೇ ಜಾರುತ್ತದೆ. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಜಾರದವರು ಯಾರು? ಅಡಿಕೆ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ, ಸೋಗೆಯ ತುದಿ ಹಿಡಿದು ಇನ್ನೊಬ್ಬನು ಅಂಗಳದ ತುಂಬ ಎಳೆಯುವ ಆಟವನ್ನು ಆಡದೆ ಬೆಳೆದವರು ನಮ್ಮ ತಲೆಮಾರಿನಲ್ಲಿ ಇರಲಾರರು. ಜಾರುವ ವಿಷಯದಲ್ಲಿ ನಾವು ಅನುಭವಸ್ಥರೇ.

ಆದರೆ ನಮ್ಮ ಐಸು ಒದ್ದೆ. ಶೀತದೇಶಗಳ ಚಳಿಗಾಲದ ಮಂಜುಗಡ್ಡೆ ಒಣಗಿದ್ದು. ಪ್ರಶ್ನೆ ಹುಟ್ಟುವುದು ಅಲ್ಲಿಯೇ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿರುವ ಕಾಲುವೆಯ ಮೇಲೆ ಬೆರಳಾಡಿಸಿದರೆ ನೀರು ತಾಗುವುದಿಲ್ಲ. ನುಣುಪೇ ಕಾರಣವೆನ್ನೋಣವೆಂದರೆ ಅದಕ್ಕಿಂತ ನುಣುಪಾದ ಗಾಜಿನ ಮೇಲೆ ಯಾರೂ ಹಾಗೆ ಜಾರುವುದಿಲ್ಲ, ಮತ್ತು ಒರಟಾದ ಮಂಜುಗಡ್ಡೆಯೂ ಜಾರುತ್ತದೆ. ಕಲ್ಲು, ಮರ, ಗಾಜು, ಲೋಹ ಇವುಗಳಂತೆ ಅದೂ ಒಂದು ಘನವಸ್ತು. ಅವುಗಳಿಗಿಲ್ಲದ ಗುಣ ಇದಕ್ಕೊಂದಕ್ಕೆ ಎಲ್ಲಿಂದ ಬಂತು?

ಕಾರಣ ತಿಳಿಯುವ ಮೊದಲೇ ಜನ ಆ ಗುಣವನ್ನು ದುಡಿಸಿಕೊಂಡರು. ಉತ್ತರ ಯುರೋಪಿನ ಮಂದಿ ದನ ಮತ್ತು ಕುದುರೆಗಳ ಕಾಲಿನ ಎಲುಬನ್ನು ಚಪ್ಪಟೆಯಾಗಿ ಉಜ್ಜಿ ಪಾದಕ್ಕೆ ಕಟ್ಟಿಕೊಳ್ಳುತ್ತಿದ್ದರು. ಹನ್ನೆರಡನೆಯ ಶತಮಾನದ ಲಂಡನ್ನನ್ನು ವರ್ಣಿಸಿದ ವಿಲಿಯಂ ಫಿಟ್ಸ್‌ಸ್ಟೀಫನ್, ಊರ ಹೊರಗಿನ ಜೌಗುನೆಲ ಹೆಪ್ಪುಗಟ್ಟಿದಾಗ ತರುಣರು ಹೀಗೆ ಎಲುಬು ಕಟ್ಟಿಕೊಂಡು, ಕಬ್ಬಿಣದ ಮೊನೆಯ ಕೋಲನ್ನು ಊರುತ್ತ ಹಾರುವ ಹಕ್ಕಿಯ ವೇಗದಲ್ಲಿ ಸಾಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕೋಲೇಕೆ? ಎಲುಬು ಎಲ್ಲ ದಿಕ್ಕಿಗೂ ಜಾರುತ್ತದೆ. ಕಾಲಿನಿಂದ ಒದೆಯಲು ಹೋದರೆ ಒದ್ದ ಕಾಲೇ ಜಾರಿಹೋಗುತ್ತದೆ. ಆಳವಿಲ್ಲದ ಹಿನ್ನೀರಿನಲ್ಲಿ ದೋಣಿಯನ್ನು ಗಳು ಊರಿ ನೂಕುವ ಹಾಗೆ ತನ್ನನ್ನು ತಾನೇ ನೂಕಿಕೊಳ್ಳಬೇಕು.

ಅಂಚುಳ್ಳ ಲೋಹದ ಅಲಗನ್ನು ಕಟ್ಟಿಕೊಳ್ಳತೊಡಗಿದವರು ಡಚ್ಚರು. ಅದು ಮಧ್ಯಯುಗದ ಕೊನೆಯ ಭಾಗದ ಸಂಗತಿ. ಅಂದಿಗೆ ಕೋಲು ಕೈಬಿಟ್ಟಿತು. ಈ ಅಲಗಿನ ಮರ್ಮವನ್ನು ಜನ ಸಾಮಾನ್ಯವಾಗಿ ತಿರುಗುಮುರುಗಾಗಿ ತಿಳಿಯುತ್ತಾರೆ. ಅದು ಜಾರುವುದು ಹೆಚ್ಚಿನ ಸಂಗತಿಯಲ್ಲ, ಎಲುಬೂ ಜಾರುತ್ತಿತ್ತು. ಅದು ಉದ್ದಕ್ಕೆ ಜಾರುತ್ತದೆ, ಅಡ್ಡಕ್ಕೆ ಜಾರಲೊಪ್ಪುವುದಿಲ್ಲ. ಕತ್ತಿಯಂತೆ ಒಂದೇ ಬಾಯಿಯಿಲ್ಲ ಅದಕ್ಕೆ. ತಳವನ್ನು ಉದ್ದಕ್ಕೂ ನಡುವೆ ತುಸು ತಗ್ಗಾಗಿ ಕಡೆದಿರುತ್ತಾರೆ. ಆದುದರಿಂದ ಎಡಕ್ಕೊಂದು, ಬಲಕ್ಕೊಂದು ಎರಡು ಅಂಚುಗಳು. ದೇಹವನ್ನು ಒಂದು ಬದಿಗೆ ಓಲಿಸಿದಾಗ ಆ ಬದಿಯ ಅಂಚು ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತದೆ. ಆಡುವವನು ಕಾಲನ್ನು ಹಿಂದಕ್ಕೆ ಒದೆಯುವುದಿಲ್ಲ, ಓರೆಯಾಗಿ ಹೊರಕ್ಕೆ ಒತ್ತುತ್ತಾನೆ. ಒತ್ತಿದ ಕಾಲು ಹಿಡಿದುಕೊಳ್ಳುತ್ತದೆ, ಇನ್ನೊಂದು ಕಾಲು ಮುಂದೆ ಹರಿಯುತ್ತದೆ. ಮುಂದಿನ ಹೆಜ್ಜೆಯಲ್ಲಿ ಕಾಲುಗಳ ಕೆಲಸ ಅದಲುಬದಲು. ಅವನು ಬಿಟ್ಟುಹೋದ ಗೆರೆಗಳು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಾಗುತ್ತ ಹೋಗುವುದು ಇದರಿಂದಲೇ. ನಮ್ಮ ಭಾಷೆಯಲ್ಲಿ ಆಯ ತಪ್ಪಿ ಬೀಳುವುದಕ್ಕೂ ಬೇಕೆಂದೇ ಸೊಗಸಾಗಿ ಸಾಗುವುದಕ್ಕೂ ‘ಜಾರು’ ಎಂಬ ಒಂದೇ ಮಾತಿದೆ. ಅವೆರಡರ ನಡುವಿನ ಅಂತರ ಆ ಅಂಚಿನ ಒಂದೆರಡು ಕೂದಲೆಳೆಯಷ್ಟು ಕಡಿತದಲ್ಲಿದೆ.

ಅಲಗಿನ ಉದ್ದಕ್ಕೆ ಉಳಿಯುವ ಘರ್ಷಣೆ ಎಷ್ಟು ಅಲ್ಪವೆಂದರೆ, ಅದು ತೂಕದ ಇನ್ನೂರರಲ್ಲಿ ಒಂದು ಪಾಲಿನ ಆಸುಪಾಸು. 60 ಕಿಲೋ ತೂಗುವವನನ್ನು ಸಮತಟ್ಟಾದ ಮಂಜುಗಡ್ಡೆಯ ಮೇಲೆ ಸಾಗಿಸುತ್ತಿರಲು 300 ಗ್ರಾಂ ತೂಕದಷ್ಟು ಎಳೆತ ಸಾಕು. ವೇಗದ ಸ್ಪರ್ಧಿಗೆ ಎದುರಾಳಿ ಮಂಜುಗಡ್ಡೆಯಲ್ಲ, ಗಾಳಿ. ಅದಕ್ಕಾಗಿಯೇ ಅವನು ಸೊಂಟ ಬಗ್ಗಿಸಿ ಬೆನ್ನನ್ನು ಹಲಗೆಯಂತೆ ಹಿಡಿಯುವುದು. ನೆದರ್‌ಲ್ಯಾಂಡ್ಸಿನ ಫ್ರೀಸ್‌ಲ್ಯಾಂಡ್ ಪ್ರಾಂತದಲ್ಲಿ ಹನ್ನೊಂದು ಊರುಗಳನ್ನು ಕಾಲುವೆಗಳ ಮೂಲಕ ಸುತ್ತಿಬರುವ ಸುಮಾರು 200 ಕಿ.ಮೀ.ಗಳ ಓಟವೊಂದಿದೆ. ಸಾವಿರಾರು ಸಾಮಾನ್ಯ ಜನರು ಅದನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ. ದಾರಿಯುದ್ದಕ್ಕೂ ಮಂಜುಗಡ್ಡೆ 15 ಸೆಂ.ಮೀ. ದಪ್ಪವಾದರೆ ಮಾತ್ರ ಓಟ. 1909ರಿಂದ ಈಚೆಗೆ ಅದು ನಡೆದುದು ಹದಿನೈದೇ ಬಾರಿ. 1997ರ ಜನವರಿ 4ರ ಬಳಿಕ ಕಾಲುವೆಗಳು ಅಷ್ಟು ಗಟ್ಟಿಯಾಗಿಲ್ಲ.

ಇನ್ನು ಕಾರಣದ ವಿಚಾರ. ನಾವು ಪಾಠ ಹೇಳುತ್ತಿದ್ದ ಕಾಲದ ಒಂದು ಸಹಾಯಕ ಪುಸ್ತಕದಲ್ಲಿ ಈ ಪ್ರಶ್ನೆಗೆ ಒಂದೇ ವಾಕ್ಯದ ಉತ್ತರವಿತ್ತು: ಅಲಗಿನ ಒತ್ತಡದಿಂದ ಮಂಜುಗಡ್ಡೆ ಕರಗುತ್ತದೆ, ಆ ನೀರಿನ ಮೇಲೆ ಅಲಗು ಜಾರುತ್ತದೆ. ಇದು ಹುಸಿಯಾದ ತತ್ತ್ವವಲ್ಲ. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ಒತ್ತಿದರೆ ಕುಗ್ಗಿದ ರೂಪಕ್ಕೆ, ಎಂದರೆ ನೀರಿನ ರೂಪಕ್ಕೆ, ಮರಳಲು ನೋಡುತ್ತದೆ. ಒತ್ತಡ ಏರಿದರೆ ಕರಗುವ ಬಿಂದು ಇಳಿಯಬೇಕೆಂದು 1849ರಲ್ಲಿ ಜೇಮ್ಸ್ ಥಾಮ್ಸನ್ ತರ್ಕದಿಂದ ಕಂಡರು. ಮರುವರ್ಷ ಅವರ ತಮ್ಮ ವಿಲಿಯಂ, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು, ಪ್ರಯೋಗದಿಂದ ಅದನ್ನು ದೃಢಪಡಿಸಿದರು. 1886ರಲ್ಲಿ ಡಬ್ಲಿನ್ನಿನ ಜಾನ್ ಜೋಲಿ ಈ ತತ್ತ್ವವನ್ನು ಸ್ಕೇಟಿನ ಅಲಗಿಗೆ ಅನ್ವಯಿಸಿದರು. ಅಲಗು ಬಲು ಕಿರಿದಾದ ಜಾಗದಲ್ಲಿ ಮಾತ್ರ ಮಂಜುಗಡ್ಡೆಯನ್ನು ಮುಟ್ಟುತ್ತದೆಂದು ಭಾವಿಸಿ ಅವರು ಹಾಕಿದ ಲೆಕ್ಕದಲ್ಲಿ, ನಮ್ಮ ಮೇಲೆ ಸದಾ ಇರುವ ಗಾಳಿಯ ಒತ್ತಡದ 466 ಪಟ್ಟು ಒತ್ತಡ ಬಂತು, ಕರಗುವ ಬಿಂದು ಸೊನ್ನೆಯಿಂದ ಮೂರೂವರೆ ಡಿಗ್ರಿ ಕೆಳಗಿಳಿಯಿತು. ಅಲ್ಲಿಂದ ಅದು ಪುಸ್ತಕದಿಂದ ಪುಸ್ತಕಕ್ಕೆ ಸಾಗಿ ನಮ್ಮ ಕಡಲ ಕರೆಗೂ ಬಂತು.

ನಾವು ಮಕ್ಕಳಿಗೆ ಮೊದಲು ತತ್ತ್ವವನ್ನು ತೋರಿಸಿದೆವು. ಕಾರ್ಖಾನೆಯಿಂದ ಮರದ ಹುಡಿ ಮೆತ್ತಿ, ಗೋಣಿ ಸುತ್ತಿ ತಂದ ಐಸಿನ ತುಂಡನ್ನು ಎರಡು ಸ್ಟೂಲುಗಳ ನಡುವೆ ಇರಿಸಿ, ಸಪೂರ ತಾಮ್ರದ ತಂತಿಯ ಎರಡು ತುದಿಗಳಿಗೂ ಇಟ್ಟಿಗೆ ಕಟ್ಟಿ ಅದರ ಮೇಲೆ ಹಾಯಿಸಿದೆವು. ತಂತಿ ಮೆಲ್ಲಮೆಲ್ಲನೆ ಐಸಿನೊಳಕ್ಕೆ ಇಳಿಯಿತು. ಅದು ಹಾದುಹೋದ ದಾರಿ ಹಿಂದಿನಿಂದ ಮತ್ತೆ ಬೆಸೆದುಕೊಂಡಿತು. ತಂತಿ ಕೆಳಗೆ ಬಿದ್ದಾಗ ತುಂಡು ಒಂದೇ ಆಗಿ ಉಳಿದುದನ್ನು ನೋಡಿ ತರಗತಿಯೆಲ್ಲ ಕೂಗಿತು. ಆಮೇಲೆ, ಪುಸ್ತಕದ ವಾಕ್ಯವನ್ನು ಓದಿಸಿ, ಅದು ಸ್ಕೇಟಿನ ಅಲಗಿಗೆ ಹೊಂದುತ್ತದೆಯೇ ಎಂದು ಲೆಕ್ಕ ಹಾಕಿಕೊಂಡು ಬನ್ನಿರೆಂದು ಅಂಕೆಗಳನ್ನು ಕೊಟ್ಟು ಕಳುಹಿಸಿದೆವು.

ಮರುದಿನ ಲೆಕ್ಕ ತಂದವಳು ಒಬ್ಬಳೇ. ಮೀನುಗಾರರ ಮನೆಯ ಹುಡುಗಿ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಅವಳ ಲೆಕ್ಕ ಹೀಗಿತ್ತು: ಮನುಷ್ಯನ ತೂಕ 60 ಕಿಲೋ. ಅಲಗಿನ ಅಗಲ 3 ಮಿ.ಮೀ., ಅದು ಬಾಗಿರುವುದರಿಂದ ಮುಟ್ಟುವ ಉದ್ದ 5 ಸೆಂ.ಮೀ.; ವಿಸ್ತೀರ್ಣ ಒಂದೂವರೆ ಚದರ ಸೆಂ.ಮೀ. ಪ್ರತಿ ಚದರ ಸೆಂ.ಮೀ.ಗೆ 40 ಕಿಲೋ, ಎಂದರೆ ಗಾಳಿಯ ಒತ್ತಡದ ಸುಮಾರು 40 ಪಟ್ಟು. ಒಂದು ಪಟ್ಟಿಗೆ ಕರಗುವ ಬಿಂದು ಇಳಿಯುವುದು 0.0075 ಡಿಗ್ರಿ. ಒಟ್ಟು 0.3 ಡಿಗ್ರಿ. ಹತ್ತು ಡಿಗ್ರಿ ಕೆಳಗಿರುವ ಮಂಜುಗಡ್ಡೆಯನ್ನು ಕರಗಿಸಲು ಇದು ಎಲ್ಲಿಗೆ ಸಾಕು? ಅವಳು ಅಲ್ಲಿಗೂ ನಿಲ್ಲಿಸಿರಲಿಲ್ಲ. ಚಪ್ಪಲಿ ಹಾಕಿದವನೂ ಜಾರುತ್ತಾನಲ್ಲ ಎಂದು ಪಾದದ ಅಚ್ಚನ್ನು ಚೌಕದ ಕಾಗದದ ಮೇಲೆ ಬಿಡಿಸಿ, ವಿಸ್ತೀರ್ಣ ಎಣಿಸಿ, ಆ ಒತ್ತಡಕ್ಕೆ ಬಿಂದು ಇಳಿಯುವುದು ಒಂದು ಡಿಗ್ರಿಯ ಸಾವಿರದ ಮೂರು ಪಾಲು ಎಂದು ತೋರಿಸಿದ್ದಳು.

ಆ ವರ್ಷದ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಎರಡು ಅಂಕಕ್ಕೆ ಬಂತು. ಉತ್ತರಪತ್ರಿಕೆಗಳನ್ನು ಬೇರೆ ಶಾಲೆಯವರು ತಿದ್ದುವ ಏರ್ಪಾಡು. ಅವಳು ಪುಸ್ತಕದ ವಾಕ್ಯವನ್ನು ಬರೆದು, ಕೆಳಗೆ ‘ಆದರೆ ಲೆಕ್ಕ ಮಾಡಿದರೆ ಇದು ಸಾಲುವುದಿಲ್ಲ’ ಎಂದು ಸೇರಿಸಿದ್ದಳು. ಆ ಸಾಲಿನ ಮೇಲೆ ಕೆಂಪು ಶಾಯಿಯ ಗೀಟು ಬಿದ್ದು ಒಂದು ಅಂಕ ಹೋಗಿತ್ತು. ಹಾಳೆ ಹಿಡಿದುಕೊಂಡು ಬಂದಳು.

“ಲೆಕ್ಕ ತಪ್ಪಾ ಮಾಷ್ಟ್ರೇ?”

“ಲೆಕ್ಕ ಸರಿ ಮಗೂ.”

“ಮತ್ತೆ?”

ಅಂಕ ಸೇರಿಸುವ ಅಧಿಕಾರ ನಮಗಿರಲಿಲ್ಲ. ಪೂರ್ತಿ ಉತ್ತರವೂ ನಮ್ಮ ಕೈಯಲ್ಲಿರಲಿಲ್ಲ. ಆದರೆ ಕನ್ನಡದಲ್ಲಿ ಭೌತಶಾಸ್ತ್ರ ಸಾಗದು ಎಂದು ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಒಯ್ಯಲು ಬಂದ ಹಿರಿಯರೊಡನೆ ಆ ಮೇಲೆ ನಾವು ವಾದ ಮಾಡಿದ್ದು ಕಡಿಮೆ. ಆ ಹುಡುಗಿಯ ಲೆಕ್ಕದ ಪುಸ್ತಕವನ್ನು ಮುಂದಿಟ್ಟದ್ದು ಹೆಚ್ಚು. ಕೆಲವರು ಮನಸ್ಸು ಬದಲಿಸಿದರು. ಹೆಚ್ಚಿನವರು ವರ್ಗಾವಣೆ ಪತ್ರ ತೆಗೆದುಕೊಂಡೇ ಹೋದರು.

ಅವಳ ಆ ‘ಮತ್ತೆ?’ ಎಂಬುದಕ್ಕೆ ಒಂದು ಉತ್ತರ 1939ರಲ್ಲಿಯೇ ಅಚ್ಚಾಗಿತ್ತು. ಕೇಂಬ್ರಿಜಿನ ಬೌಡನ್ ಮತ್ತು ಹ್ಯೂಸ್ ಎಂಬವರು ಸ್ವಿಟ್ಸರ್‌ಲ್ಯಾಂಡಿನ ಯುಂಗ್‌ಫ್ರೌಯೋಖ್ ಎಂಬಲ್ಲಿ, ಮೂರು ಸಾವಿರ ಮೀಟರಿಗೂ ಮೇಲೆ, ಹಿಮದಲ್ಲಿ ಕೊರೆದ ಗುಹೆಯೊಳಗೆ ಮರ, ಲೋಹಗಳನ್ನು ಮಂಜುಗಡ್ಡೆಯ ಮೇಲೆ ಎಳೆದು ನೋಡಿದರು. ಕೈ ಉಜ್ಜಿದರೆ ಬಿಸಿಯಾಗುವಂತೆ ಜಾರುವ ವಸ್ತುವೂ ಉಜ್ಜಿಕೊಂಡು ಬಿಸಿಯಾಗುತ್ತದೆ, ಆ ಬಿಸಿಗೆ ತೆಳುವಾದ ನೀರಿನ ಪೊರೆ ಹುಟ್ಟುತ್ತದೆ ಎಂಬುದು ಅವರ ನಿರ್ಣಯ. ಶಾಖವನ್ನು ಬೇಗ ಸೆಳೆದುಕೊಂಡು ಹೋಗುವ ಲೋಹ ಅಷ್ಟು ಚೆನ್ನಾಗಿ ಜಾರದಿರುವುದು ಇದಕ್ಕೆ ಸಾಕ್ಷಿ.

ಸಾಕ್ಷಿ ಇನ್ನೊಂದಿದೆ, ಅದನ್ನು ಮನುಷ್ಯರು ತಮ್ಮ ಹೆಗಲಿನಿಂದ ಅಳೆದರು. ಕ್ಯಾಪ್ಟನ್ ಸ್ಕಾಟನ ತಂಡದ ವಿಲ್ಸನ್, ಬವರ್ಸ್, ಚೆರಿ-ಗೆರಾರ್ಡ್ ಎಂಬ ಮೂವರು 1911ರ ಜೂನ್ ಕೊನೆಯಲ್ಲಿ, ಅಂಟಾರ್ಕ್ಟಿಕದ ಸೂರ್ಯನಿಲ್ಲದ ಚಳಿಗಾಲದಲ್ಲಿ, ಎಂಪರರ್ ಪೆಂಗ್ವಿನ್ನುಗಳ ಮೊಟ್ಟೆ ತರಲು ಹೊರಟರು. ಎರಡು ಜಾರುಬಂಡಿಗಳನ್ನು ಒಂದರ ಹಿಂದೊಂದು ಕಟ್ಟಿಕೊಂಡಿದ್ದರು. ಉಷ್ಣತೆ ಸೊನ್ನೆಗಿಂತ 60 ಡಿಗ್ರಿ ಕೆಳಗಿನವರೆಗೂ ಇಳಿಯಿತು. ನಾವು ಎಣಿಸುವಂತೆ ಚಳಿ ಹೆಚ್ಚಿದಷ್ಟೂ ಹಿಮ ಹೆಚ್ಚು ಜಾರಬೇಕಲ್ಲವೇ? ಆದದ್ದು ತದ್ವಿರುದ್ಧ. ಬಂಡಿಯ ಅಡಿಗೆ ಹಿಮ ಮರಳಾಯಿತು. ಎರಡನ್ನೂ ಒಟ್ಟಿಗೆ ಎಳೆಯಲಾಗದೆ, ಒಂದನ್ನು ಒಂದು ಮೈಲಿ ಎಳೆದು, ಬರಿಗೈಯಲ್ಲಿ ಹಿಂದಿರುಗಿ, ಇನ್ನೊಂದನ್ನು ಎಳೆದು ತಂದರು. ಒಂದು ಮೈಲಿ ಮುಂದೆ ಸಾಗಲು ಮೂರು ಮೈಲಿ ನಡಿಗೆ. ಐದು ವಾರಗಳ ಆ ಪಯಣದಿಂದ ಮೂರು ಮೊಟ್ಟೆಗಳೊಡನೆ ಮೂವರೂ ಜೀವಸಹಿತ ಮರಳಿದರು. ಮಂಜುಗಡ್ಡೆಯ ಜಾರುಗುಣ ಅದರ ಹುಟ್ಟುಗುಣವಲ್ಲ, ಉಷ್ಣತೆಗೆ ಕಟ್ಟುಬಿದ್ದದ್ದು ಎಂಬುದನ್ನು ಇಷ್ಟು ಕಷ್ಟಪಟ್ಟು ತಿಳಿದವರು ಬೇರಿಲ್ಲ.

ಆದರೆ ಉಜ್ಜುವಿಕೆಯ ಶಾಖ ಚಲಿಸುತ್ತಿರುವವನಿಗೆ ಮಾತ್ರ. ಅಲುಗದೆ ನಿಂತವನೂ ಜಾರುತ್ತಾನಲ್ಲ, ಅವನನ್ನು ಬೀಳಿಸಿದವರಾರು? ಇಲ್ಲಿಗೆ ಬಂದಾಗ ನಾವು ಎಲ್ಲರಿಗಿಂತ ಹಿಂದಿನವರ ಬಳಿಗೆ ಹೋಗಬೇಕಾಗುತ್ತದೆ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ ಮೈಕೆಲ್ ಫ್ಯಾರಡೆ 1850ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಎರಡು ಐಸಿನ ತುಂಡುಗಳನ್ನು ಮೆಲ್ಲನೆ ತಾಗಿಸಿದರೆ ಅವು ಅಂಟಿಕೊಳ್ಳುತ್ತವೆಂಬುದನ್ನು ಎತ್ತಿ ತೋರಿಸಿದರು. ಮಂಜುಗಡ್ಡೆಯ ಹೊರಮೈಯಲ್ಲಿ ಸದಾ ನೀರಿನಂಥ ಒಂದು ತೆಳುಪೊರೆ ಇರುತ್ತದೆ, ಎರಡು ಮೈಗಳ ನಡುವೆ ಸಿಕ್ಕಿದಾಗ ಅದು ಒಳಭಾಗವಾಗಿ ಗಟ್ಟಿಯಾಗುತ್ತದೆ ಎಂಬುದು ಅವರ ಊಹೆ. ಒತ್ತಡದ ಪಕ್ಷದವರು ಇದನ್ನು ಒಪ್ಪಲಿಲ್ಲ. ಆ ಪೊರೆಯನ್ನು ಕಾಣಬಲ್ಲ ಉಪಕರಣವೂ ಆಗ ಇರಲಿಲ್ಲ. ಊಹೆ ನೂರು ವರ್ಷ ಮೂಲೆಯಲ್ಲಿ ಬಿದ್ದಿತ್ತು.

ಈಗ ತಿಳಿದಿರುವುದಿಷ್ಟು. ಮಂಜುಗಡ್ಡೆಯ ಒಳಗಿನ ಪ್ರತಿ ನೀರಿನ ಅಣು ನಾಲ್ಕು ನೆರೆಯವರ ಕೈ ಹಿಡಿದು ನಿಂತಿದೆ. ಹೊರಮೈಯ ಅಣುವಿಗೆ ಮೇಲ್ಗಡೆ ನೆರೆಯವರಿಲ್ಲ. ಅದರ ಹಿಡಿತ ಮೂರಕ್ಕೆ, ಕೆಲವೆಡೆ ಎರಡಕ್ಕೆ ಇಳಿಯುತ್ತದೆ. ಎರಡೇ ಕೈಗಳಲ್ಲಿ ಹಿಡಿದ ಅಣುಗಳು ಒಂದೆಡೆ ನಿಲ್ಲದೆ ಹೊರಳಾಡುತ್ತವೆ. 2018ರಲ್ಲಿ ಆಮ್‌ಸ್ಟರ್‌ಡ್ಯಾಂ ಮತ್ತು ಮೈಂಟ್ಸಿನ ವಿಜ್ಞಾನಿಗಳು ಸೊನ್ನೆಯಿಂದ ನೂರು ಡಿಗ್ರಿ ಕೆಳಗಿನವರೆಗೂ ಘರ್ಷಣೆಯನ್ನು ಅಳೆದು, ಅದು ಈ ಅಣುಗಳ ಓಡಾಟಕ್ಕೆ ಹೊಂದಿಕೊಂಡು ಏರಿಳಿಯುವುದನ್ನು ಕಂಡರು. ಘೋರ ಚಳಿಯಲ್ಲಿ ಅಣುಗಳು ಮರಗಟ್ಟುತ್ತವೆ, ಮಂಜುಗಡ್ಡೆ ಕಲ್ಲಿನಂತೆ ಹಿಡಿಯುತ್ತದೆ. ಸೊನ್ನೆಗೆ ಬಹಳ ಹತ್ತಿರ ಬಂದರೆ ಮೈ ಮೆದುವಾಗಿ ಅಲಗು ಉಳತೊಡಗುತ್ತದೆ. ಅತ್ಯಂತ ಹೆಚ್ಚು ಜಾರುವುದು ಸೊನ್ನೆಯಿಂದ ಸುಮಾರು 7 ಡಿಗ್ರಿ ಕೆಳಗೆ. ಕ್ರೀಡಾಂಗಣಗಳನ್ನು ನೋಡಿಕೊಳ್ಳುವವರಿಗೆ ಇದು ಅನುಭವದಿಂದ ಮೊದಲೇ ಗೊತ್ತಿತ್ತು: ನೆಗೆದು ಇಳಿಯುವ ನರ್ತಕರಿಗಾಗಿ ತುಸು ಮೆದುವಾದ, ಐದೂವರೆ ಡಿಗ್ರಿ ಕೆಳಗಿನ ಮಂಜುಗಡ್ಡೆ, ಹಾಕಿ ಆಟಗಾರರಿಗೆ ಒಂಬತ್ತು ಡಿಗ್ರಿ ಕೆಳಗಿನ ಗಟ್ಟಿ ಮಂಜುಗಡ್ಡೆ.

ನಮಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು 2019ರ ಪ್ಯಾರಿಸ್ಸಿನ ಪ್ರಯೋಗ. ಅದರಲ್ಲಿ ಬಳಸಿದ್ದು ಶ್ರುತಿಕವೆ, ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿ ರಬ್ಬರಿನ ಸುತ್ತಿಗೆಯ ಪಕ್ಕ ಮಲಗಿರುತ್ತಿದ್ದುದರದೇ ಜಾತಿಯದು. ಅದರ ಕವಲಿಗೆ ಸಣ್ಣ ಗಾಜಿನ ಮಣಿಯನ್ನು ಅಂಟಿಸಿ, ಅದು ಮಂಜುಗಡ್ಡೆಯ ಮೇಲೆ ಹಿಂದೆ ಮುಂದೆ ಜಾರುವಂತೆ ಮಾಡಿ, ಕಂಪನದಲ್ಲಾದ ವ್ಯತ್ಯಾಸದಿಂದ ಅಡಿಯ ಪೊರೆಯ ಗುಣವನ್ನು ತಿಳಿದರು. ಪೊರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು, ಕೆಲವೊಮ್ಮೆ ಇನ್ನೂ ತೆಳು. ಅದು ಬರಿಯ ನೀರೂ ಅಲ್ಲ. ಎಣ್ಣೆಯಂತೆ ಮಂದವಾದ, ನೀರು ಮತ್ತು ನುಣ್ಣನೆಯ ಹಿಮದ ಪುಡಿ ಕಲಸಿದಂಥ ಪದಾರ್ಥ. ಬರಿಯ ನೀರಾಗಿದ್ದರೆ ಭಾರಕ್ಕೆ ಬದಿಗೆ ಹಿಸುಕಿಹೋಗುತ್ತಿತ್ತು. ಒದ್ದೆ ನೆಲಕ್ಕಿಂತ ಎಣ್ಣೆ ಚೆಲ್ಲಿದ ನೆಲ ಹೆಚ್ಚು ಜಾರುವುದನ್ನು ಅಡುಗೆಮನೆಯಲ್ಲಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದನ್ನೆಲ್ಲ ಕನ್ನಡದಲ್ಲಿ ನಾಲ್ಕು ಪುಟ ಬರೆದು ಆ ಹುಡುಗಿಗೆ ಕಳುಹಿಸಿದೆವು. ಹುಡುಗಿಯೆನ್ನುವುದು ನಮ್ಮ ಅಭ್ಯಾಸ. ಮುಂಬಯಿಯಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ಗೃಹಿಣಿ ಆಕೆ. ಅದೇ ರಾತ್ರಿ ಫೋನು ಬಂತು. ಪುಟಗಳನ್ನು ಮಗನಿಗೆ ಓದಿ ಹೇಳಿದಳಂತೆ. ಅವನಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. “ಹಾಗಾದರೆ ಮಾಷ್ಟ್ರೇ, ನನ್ನ ಆ ಒಂದು ಅಂಕ?” ಎಂದು ಕೇಳಿ ನಕ್ಕಳು.

ವಿಚಾರ ಇನ್ನೂ ನಿಂತಿಲ್ಲ. ಸಡಿಲವಾದ ಮೇಲ್ಪದರ, ಚಲನೆಯ ಶಾಖ, ಸೊನ್ನೆಯ ಹತ್ತಿರ ಒಂದಿಷ್ಟು ಒತ್ತಡ, ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬುದರಲ್ಲಿ ಒಮ್ಮತವಿಲ್ಲ. 2025ರಲ್ಲಿ ಜರ್ಮನಿಯ ಸಾರ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಗಣಕಯಂತ್ರದಲ್ಲಿ ಅಣುಗಳ ಮಾದರಿಯನ್ನು ಕಟ್ಟಿ ನೋಡಿ, ಒತ್ತಡವೂ ಅಲ್ಲ, ಶಾಖವೂ ಮುಖ್ಯವಲ್ಲ ಎಂದಿದ್ದಾರೆ: ಪ್ರತಿ ನೀರಿನ ಅಣುವಿಗೂ ವಿದ್ಯುತ್ತಿನ ಒಂದು ಧನ ತುದಿ, ಒಂದು ಋಣ ತುದಿ ಇರುವುದರಿಂದ, ಮೇಲೆ ಜಾರುವ ವಸ್ತುವಿನ ಸೆಳೆತಕ್ಕೆ ಅವುಗಳ ಶಿಸ್ತಿನ ಸಾಲು ಕದಡಿ, ಕರಗದೆಯೇ ಮೈ ಸಡಿಲಗೊಳ್ಳುತ್ತದಂತೆ. ಈ ಸುದ್ದಿಯನ್ನೂ ಬರೆದು ಮುಂಬಯಿಗೆ ಅಂಚೆಯಲ್ಲಿ ಹಾಕಿದ್ದೇವೆ, ಈ ಸಲ ಮಗನ ಹೆಸರಿಗೆ. ಅವನು ಓದಿಸಿಕೊಳ್ಳುತ್ತಾನೋ, ತಾನೇ ಓದಲು ಹೊರಡುತ್ತಾನೋ, ಉತ್ತರ ಇನ್ನೂ ಬಂದಿಲ್ಲ.